ಬಟ್ಟೆ ಹೊದಿಸಿದರೆ ಕಂಪ್ಯೂಟರ್ ಮಲಗುವುದಿಲ್ಲ

ನಾಲತವಾಡದ ದಾನೇಶ್ವರಿ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಊರವರ ಅರ್ಜಿ, ಲಗ್ನಪತ್ರಿಕೆ ಎಲ್ಲ ಅಲ್ಲೇ ಟೈಪ್ ಆಗುತ್ತವೆ. ನಡುವೆ ಒಲೆಯ ಕೆಲಸ ಬಂದರೆ ದಾನೇಶ್ವರಿ ಕಸೂತಿ ಹಾಕಿದ ಬಟ್ಟೆಯೊಂದನ್ನು ಪರದೆ, ಕೀಲಿಮಣೆ ಎರಡರ ಮೇಲೂ ಹೊದಿಸಿ ಒಳಗೆ ಹೋಗುತ್ತಿದ್ದಳು. ನಮ್ಮ ಕಡೆ ಹೊಲಿಗೆ ಯಂತ್ರಕ್ಕೂ ಬಟ್ಟೆ, ಟಿವಿಗೂ ಬಟ್ಟೆ. ಕಂಪ್ಯೂಟರ್ ಒಂದು ಏನು ಪಾಪ ಮಾಡಿತ್ತು?

ಒಂದು ವರ್ಷ ಚಳಿಗಾಲದಲ್ಲಿ ಅವಳ ಕೈಗೆ ಬೇರೆಯೇ ಒಂದು ಕೆಲಸ ಬಂತು. ಅತ್ತೆ ಸಿದ್ದಲಿಂಗವ್ವನ ತಾಯಿ ಬೀಸುವಾಗ ಹಾಡುತ್ತಿದ್ದ ಹಾಡುಗಳು ಈಗ ಸಿದ್ದಲಿಂಗವ್ವನಿಗೆ ಮಾತ್ರ ಗೊತ್ತು. ಅವಳಿಗೂ ಮರೆವು ಶುರುವಾಗಿತ್ತು. ಮುಂಜಾನೆ ನೆನಪಾದ ಹಾಡು ಸಂಜೆಗೆ ಇರುತ್ತಿರಲಿಲ್ಲ. ಅದಕ್ಕೇ ಅತ್ತೆ ಹಾಡುವುದು, ಸೊಸೆ ಟೈಪ್ ಮಾಡುವುದು. ಎಷ್ಟೋ ಹಾಡುಗಳು ಈಗ ಆ ಯಂತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಪಕ್ಕದ ಮನೆಯ ಸಾಬೀರಾ ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ಮೊದಲೇ ಹೇಳಿದ್ದಳು.

“ದಾನವ್ವ, ಎದ್ದು ಹೋಗೂಮುಂದ ಪರದೆಗೆ ಲಾಕ್ ಹಾಕು. ಸ್ವಲ್ಪ ಹೊತ್ತು ಯಾರೂ ಮುಟ್ಟಲಿಲ್ಲಂದ್ರ ತಾನ ಮಲಗೂ ಹಂಗ ಮಾಡು.”

ಸಿದ್ದಲಿಂಗವ್ವನಿಗೆ ಅದು ಹಿಡಿಸಲಿಲ್ಲ. “ಮನಿಯಾಗ ಇರೂ ಮಂದಿ ನಾವು ನಾವು. ಯಾರ ಕಳ್ಳರ ಅದಾರಂತ ಕೀಲಿ? ಬಂದವರ ಮುಂದ ಬಾಗಲಾ ಹಾಕಿದಂಗ ಆಗ್ತೈತಿ. ಬಟ್ಟಿ ಹೊಚ್ಚೇತಲ್ಲ, ಸಾಕು.”

ಅತ್ತೆಯ ಮಾತು ಮೀರಲಾಗದೆ ದಾನೇಶ್ವರಿ ಬಟ್ಟೆ ಹೊದಿಸುವುದನ್ನೇ ಮುಂದುವರಿಸಿದಳು.

ಎಳ್ಳಮಾವಾಸ್ಯೆ ಬಂತು. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕು, ಸಾಬೀರಾಳನ್ನೂ ಊಟಕ್ಕೆ ಕರೆದಿದ್ದರು. ಮುಂಜಾನೆ ಸಜ್ಜಿರೊಟ್ಟಿ ಬಡಿಯುತ್ತಲೇ ಸಿದ್ದಲಿಂಗವ್ವನಿಗೆ ಒಂದು ಹಾಡು ನೆನಪಾಯಿತು. ದಾನೇಶ್ವರಿ ಹಿಟ್ಟಿನ ಕೈ ತೊಳೆದು ಬಂದು ಅದನ್ನು ಟೈಪ್ ಮಾಡಿದಳು. ಅತ್ತೆಗೆ ಓದಲು ಸುಲಭವಾಗಲೆಂದು ಅಕ್ಷರ ದೊಡ್ಡದು ಮಾಡಲು ಎಲ್ಲ ಹಾಡುಗಳನ್ನೂ ಒಟ್ಟಿಗೆ ಆಯ್ಕೆ ಮಾಡಿದಳು. ಅಷ್ಟರಲ್ಲಿ ಒಳಗೆ ಪಲ್ಯ ಸೀದ ವಾಸನೆ. ಎಂದಿನಂತೆ ಬಟ್ಟೆ ಹೊದಿಸಿ ಓಡಿದಳು.

ಕರೆಂಟು ಹೋಯಿತು. ಯುಪಿಎಸ್ ಇದ್ದುದರಿಂದ ಕಂಪ್ಯೂಟರ್ ಮಾತ್ರ ಬಟ್ಟೆಯ ಕೆಳಗೆ ಉರಿಯುತ್ತಲೇ ಇತ್ತು. ಸಿದ್ದಲಿಂಗವ್ವ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಗೆ ಬಂದಳು. ಕೆಳಗಿಟ್ಟರೆ ಇರುವೆ ಮುತ್ತುತ್ತವೆ. ಕಂಪ್ಯೂಟರ್ ಹೊದ್ದು ಮಲಗಿದೆ ಎಂದುಕೊಂಡು ಗಂಟನ್ನು ಆ ಬಟ್ಟೆಯ ಮೇಲೆ, ಸರಿಯಾಗಿ ಕೀಲಿಮಣೆಯ ಮೇಲೆ ಇಟ್ಟಳು.

ಬ್ಯಾಟರಿ ಮುಗಿಯುತ್ತ ಬಂದು ಯುಪಿಎಸ್ ಕೂಗತೊಡಗಿತು. ದಾನೇಶ್ವರಿ ಓಡಿಬಂದು ಗಂಟು ತೆಗೆದು ಬಟ್ಟೆ ಸರಿಸಿದಳು. ಪರದೆಯಲ್ಲಿ ಒಂದು ಹಾಡೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ‘ಕ ಕ ಕ ಕ’ ಎಂದಷ್ಟೇ ಇತ್ತು. ಆಯ್ಕೆ ಮಾಡಿಟ್ಟಿದ್ದ ಹಾಡುಗಳ ಜಾಗದಲ್ಲಿ ಗಂಟು ಒತ್ತಿದ ಅಕ್ಷರ ಬಂದು ಕೂತಿತ್ತು.

“ಅತ್ತೀ, ಹಾಡು ಹೋದುವ್ರಿ,” ಎಂದಳು. ಯುಪಿಎಸ್ ಕೂಗಿದರೆ ಮೊದಲು ಸೇವ್ ಮಾಡಬೇಕು ಎಂದು ಕಲಿತಿದ್ದಳು. ಕೈ ಅತ್ತ ಹೋಯಿತು.

ಅದೇ ಹೊತ್ತಿಗೆ ಸಾಬೀರಾ ಹೊಸ್ತಿಲು ದಾಟಿ ಪರದೆ ನೋಡಿದಳು. “ತಡಿ ದಾನವ್ವ, ಸೇವ್ ಮಾಡಬ್ಯಾಡ. ಈಗ ಮಾಡಿದ್ರ ಒಳಗಿನ ಹಳೇ ಹಾಡೂ ಹೋಗಿ ಈ ಕಕಕನ ಉಳಿತೈತಿ.” ಬಾಗಿ, ಮಾಡಿದ್ದನ್ನು ಹಿಂದಕ್ಕೆ ತರುವ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಮತ್ತೆ ಒತ್ತಿದಳು. ಹಾಡುಗಳು ಪುಟತುಂಬ ಮರಳಿ ಬಂದವು. “ಈಗ ಮಾಡು.” ದಾನೇಶ್ವರಿ ಸೇವ್ ಮಾಡಿದಳು. ಸ್ವಲ್ಪ ಹೊತ್ತಿಗೆ ಯುಪಿಎಸ್ ಸುಮ್ಮನಾಯಿತು, ಪರದೆ ಕಪ್ಪಾಯಿತು.

ಸಿದ್ದಲಿಂಗವ್ವ ಸಾಬೀರಾಳ ಕೆನ್ನೆ ನೀವಿ ನೆಟಿಗೆ ಮುರಿದಳು. “ನಮ್ಮವ್ವನ ಉಳಿಸಿಕೊಟ್ಟಿ ಯವ್ವಾ. ನಿನ್ನ ಹೊಟ್ಟಿ ತಣ್ಣಗಿರಲಿ. ಬಟ್ಟಿ ಹೊಚ್ಚಿದ್ರ ಮಲಗಿತಂತ ತಿಳಿದಿದ್ದೆ ನಾ.”

“ಬಟ್ಟಿ ಹೊಚ್ಚಿದ್ರ ಬರೇ ಬಿಸಿಯಾಗ್ತೈತ್ರಿ ದೊಡ್ಡವ್ವಾ. ಒಳಗ ಎಚ್ಚರನ ಇರತೈತಿ. ಆ ದೊಡ್ಡ ಪರದೆ ಯುಪಿಎಸ್ಸಿನ ಬ್ಯಾಟರಿ ಸುಮ್ಮನ ತಿಂತೈತಿ.”

ಹೊಲದಿಂದ ಬರುವಷ್ಟರಲ್ಲಿ ಕರೆಂಟು ಬಂದಿತ್ತು. ಸಾಬೀರಾ ದಾನೇಶ್ವರಿಯ ಕೈಯಿಂದಲೇ ಎಲ್ಲ ಮಾಡಿಸಿದಳು. ಮೊದಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಳಕೆದಾರರ ಹೆಸರಿಗೆ ಪಾಸ್‌ವರ್ಡ್. ಆಮೇಲೆ ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಸ್ಕ್ರೀನ್ ಸೇವರ್‌ಗೆ ಹೋಗಿ, ಐದು ನಿಮಿಷ ಯಾರೂ ಮುಟ್ಟದಿದ್ದರೆ ಲಾಕ್ ಆಗುವಂತೆ ಗುರುತು ಹಾಕಿಸಿದಳು. ಅಲ್ಲೇ ಇರುವ ಪವರ್ ಗುಂಡಿಯೊಳಗೆ, ಹತ್ತು ನಿಮಿಷಕ್ಕೆ ಪರದೆ ಆರುವಂತೆ, ಅರ್ಧ ತಾಸಿಗೆ ಯಂತ್ರ ಮಲಗುವಂತೆ ಮಾಡಿಸಿದಳು.

“ಮಲಗಿದಾಗ ಬ್ಯಾಟರಿನೂ ಮುಗಿದ್ರ, ಸೇವ್ ಮಾಡದ್ದು ಹೋಗ್ತೈತಿ. ಅದಕ್ಕ ಏಳೂಮುಂದ ಸೇವ್ ಮಾಡು, ಆಮ್ಯಾಲ ವಿಂಡೋಸ್ ಕೀಲಿ ಹಿಡಿದು ಎಲ್ ಒತ್ತು. ಐದು ನಿಮಿಷ ಕಾಯೂದೂ ಬ್ಯಾಡ.”

ದಾನೇಶ್ವರಿ ಒತ್ತಿದಳು. ಪರದೆ ಪಾಸ್‌ವರ್ಡ್ ಕೇಳುತ್ತ ನಿಂತಿತು. ಸಿದ್ದಲಿಂಗವ್ವ ಒಳಗೆ ಹೋಗಿ ಉಳಿದ ರೊಟ್ಟಿಯ ಗಂಟು ತಂದು ತಾನೇ ಕೀಲಿಮಣೆಯ ಮೇಲೆ ಇಟ್ಟಳು. ಪಾಸ್‌ವರ್ಡ್ ಬರೆಯುವ ಜಾಗದಲ್ಲಿ ಚುಕ್ಕೆಗಳು ತುಂಬಿದವು, ಅಷ್ಟೇ. ಗಂಟು ತೆಗೆದು, ಚುಕ್ಕೆ ಅಳಿಸಿ, ಸೊಸೆ ಪಾಸ್‌ವರ್ಡ್ ಹಾಕಿದಳು. ಹಾಡುಗಳು ಇದ್ದಲ್ಲೇ ಇದ್ದವು.

“ಈ ಕೀಲಿ ಮಂದಿಗಲ್ಲ ಬಿಡು,” ಎಂದಳು ಸಿದ್ದಲಿಂಗವ್ವ. “ನನ್ನಂಥಾ ಮುದುಕಿಯ ರೊಟ್ಟಿ ಗಂಟಿಗೆ.” ಮೂವರೂ ನಕ್ಕರು. ಆಮೇಲೆ ಅವಳು ಮುಂಜಾನೆಯ ಹಾಡು ಓದು ಎಂದಳು. ದಾನೇಶ್ವರಿ ಓದಿದಳು. ಅದು ಸಿದ್ದಲಿಂಗವ್ವನಿಗೆ ಆಗಲೇ ಮರೆತುಹೋಗಿತ್ತು. ಹೊಸದಾಗಿ ಕೇಳುವವಳಂತೆ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಮ್ಮವ್ವಂದ ಇದು,” ಎಂದಳು.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಮತ್ತೆ ಸಿಗದಂಥದು ಏನೋ ಇದ್ದೇ ಇರುತ್ತದೆ. ಬಟ್ಟೆ ಧೂಳಿಗಷ್ಟೇ, ಅದನ್ನು ಯಂತ್ರ ಆರಿಸಿದ ಮೇಲೆ ಹೊದಿಸಿ. ಏಳುವ ಮುಂಚೆ ಸೇವ್ ಮಾಡಿ, ಲಾಕ್ ಹಾಕಿ. ಗೊತ್ತಾಗದಿದ್ದರೆ ಪಕ್ಕದ ಮನೆಯ ಸಾಬೀರಾಳನ್ನು ಕರೆಯಿರಿ. ಪ್ರತಿ ಓಣಿಯಲ್ಲೂ ಒಬ್ಬಳು ಇರುತ್ತಾಳೆ, ಕರೆದರೆ ಬರುತ್ತಾಳೆ. ಅವಳಿಗೊಂದು ಸಜ್ಜಿರೊಟ್ಟಿ ಕೊಡುವುದನ್ನು ಮಾತ್ರ ಮರೆಯಬೇಡಿ.