ಮೋಡ ಕಂಡರೆ ಮುಚ್ಚಳ

ಬಿಸಿಲು ಬಂದರೆ ಮುಚ್ಚಳ ತೆಗಿ, ಮೋಡ ಕಂಡರೆ ಮುಚ್ಚು. ಹಿತ್ತಲಲ್ಲೇ ಸೋಯಾ ಸಾಸು ಹುದುಗಿಸುವ ಸುನ್‌ಚಾಂಗ್ ಕಡೆಯ ಮನೆಗಳಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವ ಪಾಠವಿದು. ಯೊಂಗ್‌ರಾನಳ ಹಿತ್ತಲಿನ ಕಲ್ಲುಕಟ್ಟೆಯ ಮೇಲೆ ಹದಿಮೂರು ಜಾಡಿಗಳಿದ್ದವು. ಮೂಲೆಯ ಜಾಡಿಯಲ್ಲಿದ್ದ ಸೋಯಾ ಸಾಸು ಅಜ್ಜಿಯ ಅತ್ತೆ ಕೊಟ್ಟುಹೋದದ್ದು. ವರ್ಷಾವರ್ಷ ಹೊಸದನ್ನು ಬೆರೆಸಿ ಅಜ್ಜಿ ಅದನ್ನು ನಲವತ್ತು ವರ್ಷ ಕಾಪಾಡಿದ್ದಳು. ಆ ಕಟ್ಟೆ ಹತ್ತಬೇಕಾದರೆ ಸೊಸೆಗೂ ಅವಳ ಅಪ್ಪಣೆ ಬೇಕಿತ್ತು.

ಒಂದು ದಿನ ಅಮ್ಮ ಸಂತೆಗೆ ಹೋಗಿದ್ದಳು. ಅಜ್ಜಿಯೂ ಮದುವೆಗೆ ಹೊರಟಳು.

"ಮೂಲೆ ಜಾಡಿ ಮುಚ್ಚಳ ತೆಗೆದಿಟ್ಟಿದೀನಿ. ಮೋಡ ಕಂಡ್ರೆ ಓಡ್ಹೋಗಿ ಮುಚ್ಚೇ, ಮರೀಬೇಡ."

"ಎಷ್ಟ್ ಸಲ ಹೇಳ್ತೀಯಜ್ಜಿ!"

ಹನ್ನೆರಡರ ಹುಡುಗಿ, ಪಕ್ಕದ ಮನೆಗೆ ಹೊಸ ಟೀವಿ ಬಂದಿದೆ, ಇನ್ನು ಮೋಡ ನೋಡುವುದುಂಟೇ! ಮಳೆ ಸುರಿದು ನಿಂತ ಮೇಲೆ ಓಡಿಬಂದಳು. ಜಾಡಿ ತುಂಬಿ ಕಂದು ನೀರು ಕಟ್ಟೆಯ ಮೇಲೆ ಹರಿದಿತ್ತು. ಮುಚ್ಚಳ ಮುಚ್ಚಿ, ಕಟ್ಟೆ ತೊಳೆದು, ಬಾಯಿಯನ್ನೂ ಮುಚ್ಚಿಕೊಂಡಳು.

ಹತ್ತು ದಿನಕ್ಕೆ ಸಾಸಿಗೆ ಬೂಷ್ಟು ಹಿಡಿದು ಗಬ್ಬು ನಾತ ಎದ್ದಿತು. ಅಜ್ಜಿ ಮೊಮ್ಮಗಳತ್ತ ತಿರುಗಿದಳು. "ಅವತ್ತು ನಿಂಗೆ ಹೇಳಿ ಹೋಗಿದ್ನಲ್ಲೇ?"

"ಇಲ್ವಲ್ಲ ಅಜ್ಜಿ. ನೀನು ಹೇಳೇ ಇಲ್ಲ."

ಅಯ್ಯೋ, ಎಷ್ಟು ಸಲೀಸಾಗಿ ನಾಲಿಗೆ ಹೊರಳಿತು! ಅಜ್ಜಿ ಅವಳನ್ನೇ ನೋಡಿದಳು. "ಹೇಳಿದ್ದೆ ಅನ್ಸುತ್ತಪ್ಪ..." ಎಂದಳು.

"ಹೋಗ್ಲಿ ಬಿಡಿ ಅತ್ತೆ, ವಯಸ್ಸಾಯ್ತು. ಇನ್ಮೇಲೆ ಜಾಡಿ ನಾನೇ ನೋಡ್ಕೋತೀನಿ," ಎಂದಳು ಅಮ್ಮ. ಅರವತ್ತಕ್ಕೆ ಅರಳುಮರಳು ಎಂದು ಅಪ್ಪ ನಕ್ಕ. ಜಾಡಿ ಒರೆಸುವ ಬಟ್ಟೆಯನ್ನು ಅಜ್ಜಿ ಮಡಚಿ ಸೊಸೆಯ ಕೈಗಿಟ್ಟಳು.

ಅಂದಿನಿಂದ ಅಜ್ಜಿ ಕುಗ್ಗಿಹೋದಳು. "ಉಪ್ಪು ಹಾಕಿದ್ನಾ?" "ನಂದು ಊಟ ಆಯ್ತಾ?" ಎಂದು ಎಲ್ಲವನ್ನೂ ಕೇಳುವಳು. ಆಮೇಲೆ ಒಲೆಯ ಹತ್ತಿರ ಬರುವುದನ್ನೇ ಬಿಟ್ಟಳು. ಯೊಂಗ್‌ರಾನಳಿಗೆ ಆ ಸುಳ್ಳು ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪವಾಯಿತು. ನಾಳೆ ಹೇಳಿದರಾಯಿತು ಎನ್ನುತ್ತ ಬೇಸಿಗೆ ಕಳೆಯಿತು.

ಕಿಮ್ಚಿ ಉಪ್ಪಿನಕಾಯಿಗೆ ಇಬ್ಬರೂ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ಅಜ್ಜಿ ಮೆಲ್ಲಗೆ ಅಂದಳು, "ಮಗಾ, ಮುಂದೆ ನಿನ್ ಹೆಸರೂ ಮರ್ತೋಗ್ಬಹುದು. ಬೇಜಾರ್ ಮಾಡ್ಕೋಬೇಡ, ಈಗ್ಲೇ ಹೇಳಿರ್ತೀನಿ."

ಯೊಂಗ್‌ರಾನಳ ಕೈಯಿಂದ ಬೆಳ್ಳುಳ್ಳಿ ಜಾರಿತು. "ನೀನ್ ಮರೆತಿಲ್ಲ ಅಜ್ಜಿ! ನೀನ್ ಹೇಳಿದ್ದೆ. ನಾನೇ ಸುಳ್ಳು ಹೇಳ್ದೆ."

"ಹೇಳಿದ್ನಾ?"

"ಹೇಳಿದ್ದೆ."

"ಮರೀಬೇಡ ಅಂತಾನೂ?"

"ಹೂಂ."

ಬೆನ್ನಿಗೆ ಗುದ್ದು ಬೀಳುತ್ತದೆಂದು ಹುಡುಗಿ ಕಣ್ಣು ಮುಚ್ಚಿದಳು. ಬೀಳಲಿಲ್ಲ. ಅಜ್ಜಿ ಅವಳ ರಟ್ಟೆ ಹಿಡಿದೆಬ್ಬಿಸಿದಳು. "ನಡಿ. ನಿಮ್ಮಮ್ಮನ ಮುಂದೆ ಇನ್ನೊಂದ್ ಸಲ ಹೇಳು. ಜೋರಾಗಿ ಹೇಳು."

ಹೇಳಿದಳು. ಅಮ್ಮ ಸೌಟು ಎತ್ತಿದವಳು ಕೆಳಗಿಟ್ಟು, ತಲೆ ತಗ್ಗಿಸಿ, ಜಾಡಿ ಒರೆಸುವ ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಅತ್ತೆಗೆ ಒಪ್ಪಿಸಿದಳು.

ಮರುದಿನ ಒಳ್ಳೆಯ ಬಿಸಿಲು. ಅಜ್ಜಿ ಕಟ್ಟೆ ಹತ್ತಿ ಒಂದೊಂದೇ ಮುಚ್ಚಳ ತೆಗೆದಳು. ಖಾಲಿಯಾದ ಮೂಲೆಯ ಜಾಡಿಯನ್ನೂ ಒರೆಸಿದಳು. ಇಳಿಯುವ ಮುನ್ನ ನಿಂತು ಹಿಂತಿರುಗಿ ನೋಡಿ, ಮತ್ತೊಮ್ಮೆ ನೋಡಿ, ಮೊಮ್ಮಗಳನ್ನು ಕರೆದಳು.

"ಮಗಾ, ಎಲ್ಲಾ ತೆಗೆದೆ ತಾನೇ ನಾನು? ನೀನ್ ನೋಡ್ದೆಯಲ್ಲ?"