ಬಣ್ಣ ನೋಡುವ ಕೆಲಸ

“ಹಿಂದಿನಿಂದ ಕತ್ತರಿಸು ಅಕ್ಕಾ, ಯಾರಿಗೂ ಕಾಣುವುದಿಲ್ಲ,” ಎಂದ ಬೆಂಜಮಿನ್. ಬರ್ತಾ ಗಂಡನ ಮದುವೆಯ ಕೋಟಿನ ಬೆನ್ನಿಗೆ ಕತ್ತರಿ ಹಾಕಿದಳು. ಶವಪೆಟ್ಟಿಗೆಯಲ್ಲಿ ಮಲಗಿದ್ದ ರೇಮಂಡನ ಹೊಟ್ಟೆಯ ಮೇಲೆ ಗುಂಡಿ ಕೊನೆಗೂ ಕೂತಿತು.

“ಇದನ್ನು ಹಾಕಿ ಅಂದರೆ ಉಸಿರು ಕಟ್ತದೆ ಅಂತಿದ್ರು. ಈಗ ಆ ನೆಪವೂ ಇಲ್ಲ.”

ತಮ್ಮ ನಕ್ಕುಬಿಟ್ಟ. ಅವಳೂ ನಕ್ಕಳು. ಆಮೇಲೆ ಕತ್ತರಿಯನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

ಇನ್ನಂಜೆಯ ಇಗರ್ಜಿ ಅಂಗಳದಲ್ಲಿ ಪಕ್ಕದ ಶಾಲೆಯ ಸಿಸ್ಟರ್ ಸೆಲೀನ್ ಬರ್ತಾಳ ಕೈಹಿಡಿದು ಏನೋ ಸಮಾಧಾನ ಹೇಳಲು ಹೊರಟವರು ಬೆಂಜಮಿನ್ನನನ್ನು ಕಂಡು ಮಾತು ಮರೆತರು. “ಆ ಉದ್ಘಾಟನೆ ನೆನಪುಂಟಾ ನಿಮಗೆ?”

“ಮರೆಯುವುದುಂಟಾ ಸಿಸ್ಟರ್!”

*

ಅದು ೨೦೦೧. ಮಣಿಪಾಲದ ಯಾವುದೋ ಕಚೇರಿ ಬೇಡವೆಂದ ಹಳೆಯ ಕಂಪ್ಯೂಟರುಗಳು ಶಾಲೆಗೆ ಬಂದಿದ್ದವು. ದುಡ್ಡು ಕೊಟ್ಟು ಸಾಫ್ಟ್‌ವೇರ್ ತರುವ ತಾಕತ್ತು ಶಾಲೆಗಿರಲಿಲ್ಲ. “ಲಿನಕ್ಸ್ ಹಾಕುವ, ಅದಕ್ಕೆ ದುಡ್ಡು ಬೇಡ, ಅದು ಎಲ್ಲರದ್ದು,” ಎಂದು ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದ ರೇಮಂಡ್ ಮುಂದೆ ಬಂದ. ಉದ್ಘಾಟನೆಯ ದಿನ ಇಗರ್ಜಿಯ ಪಾದ್ರಿ ವಿಗಾರರು ಸ್ವಿಚ್ ಒತ್ತಿದರು. ಒಳಗೆ ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ರೇಮಂಡ್ ಬೆವರಿದ. “ಯಂತ್ರ ಓಡ್ತಾ ಉಂಟು ಫಾದರ್, ತೋರಿಸ್ತಾ ಇಲ್ಲ ಅಷ್ಟೆ. ಚಿತ್ರ ತೋರಿಸುವ ಕಾರ್ಡಿಗೆ ಡ್ರೈವರ್ ಇಲ್ಲ.”

“ಡ್ರೈವರ್ ಬೇಕಾದರೆ ನಾನು ಬಂದಿದ್ದೇನಲ್ಲ ಭಾವ!” ಕಾಪು–ಉಡುಪಿ ಬಸ್ ಓಡಿಸುವ ಬೆಂಜಮಿನ್ ಹಿಂದಿನಿಂದ ಕೂಗಿದ. ಇಡೀ ಸಭೆ ನಕ್ಕಿತು. ರೇಮಂಡನೂ ನಕ್ಕ, ಆದರೆ ಮನೆಗೆ ಬಂದು ಊಟ ಮಾಡಲಿಲ್ಲ.

ಆ ಕಾರ್ಡಿನೊಂದಿಗೆ ಹೇಗೆ ಮಾತಾಡಬೇಕೆಂದು ಕಂಪ್ಯೂಟರಿಗೆ ತಿಳಿಸಿಕೊಡುವ ಪ್ರೋಗ್ರಾಮೇ ಡ್ರೈವರ್. ತಯಾರಿಸಿದ ಕಂಪನಿ ಅದರ ಒಳಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಪೋಲೆಂಡಿನ ಒಬ್ಬಾತ ಊಹೆಯ ಮೇಲೆಯೇ ಲಿನಕ್ಸಿಗೆ ಡ್ರೈವರ್ ಬರೆಯುತ್ತಿದ್ದ, ಆದರೆ ಪರೀಕ್ಷಿಸಲು ಅವನಲ್ಲಿ ಆ ಕಾರ್ಡ್ ಇರಲಿಲ್ಲ. ಶಾಲೆಯ ಒಂದು ಕಂಪ್ಯೂಟರನ್ನು ಮನೆಗೆ ತಂದಿಟ್ಟುಕೊಂಡಿದ್ದ ರೇಮಂಡನಲ್ಲಿತ್ತು. ಅವನು ಕಳಿಸುವುದು, ಇವನು ಹಾಕಿ ನೋಡುವುದು, ಆದದ್ದನ್ನು ಬರೆದು ತಿಳಿಸುವುದು. ಇಂಟರ್ನೆಟ್ ಫೋನಿನ ತಂತಿಯಲ್ಲೇ ಬರುತ್ತಿದ್ದ ಕಾಲ, ಇದರಿಂದ ಮನೆಯ ಫೋನ್ ಸಂಜೆಯೆಲ್ಲ ಎಂಗೇಜ್. ಕುವೈಟಿನಿಂದ ಬರ್ತಾಳ ತಂಗಿ ಅಪೊಲೋನಿಯಾ ಕರೆ ಮಾಡಿ ಮಾಡಿ ಸೋತಳು. ಒಂದು ದಿನ ಬರ್ತಾ ಫೋನಿನ ವಯರನ್ನೇ ಕಿತ್ತಳು. ಅದು ಡೌನ್‌ಲೋಡ್ ಇನ್ನೇನು ಮುಗಿಯಬೇಕೆಂಬ ಹೊತ್ತು. ಆ ವಾರವಿಡೀ ಗಂಡಹೆಂಡಿರ ನಡುವೆ “ಉಪ್ಪು ಬೇಕಾ”, “ಸಾಕು” ಬಿಟ್ಟರೆ ಮಾತಿಲ್ಲ.

ಕೊನೆಗೆ ರಾಜಿಯಾಗಲೆಂದು ಅವಳೇ ಚಹಾ ಹಿಡಿದು ಹೋದಳು. ಪರದೆಯಲ್ಲಿ ಚಿತ್ರ ಬಂದಿತ್ತು! ಮದುವೆಯ ಬೆಳ್ಳಿಹಬ್ಬದಂದು ಕೆಂಪು ಸೀರೆ ಉಟ್ಟು ತೆಗೆಸಿದ ಅವಳದೇ ಫೋಟೋ. ರೇಮಂಡ್ ಖುಷಿಯಲ್ಲಿ, “ನೋಡು, ಎಲ್ಲ ಸರಿಯಾಯ್ತು ಅಂತ ಬರೆದೆ,” ಎಂದ.

“ಎಂತ ಸರಿ? ನನ್ನ ಮುಖ ಪಾಚಿ ಹಿಡಿದ ಹಾಗೆ ಉಂಟಲ್ಲ! ಸೀರೆ ಹಸಿರು, ಬಾಳೆಗಿಡ ಕೆಂಪು. ನಿಮಗೆ ಕಾಣುವುದಿಲ್ವಾ?”

ಬರ್ತಾ ಪರದೆ ಬಿಟ್ಟು ಗಂಡನನ್ನು ನೋಡಿದಳು. ಹಣ್ಣೆಂದು ಅವನು ತರುತ್ತಿದ್ದ ಹಸಿ ಟೊಮೆಟೊ, ಅದಕ್ಕಾಗಿ ತಾನು ಬೈದ ಬೈಗುಳ, ಕಲರ್ ಟಿವಿ ಬಂದದ್ದೇ “ಕಣ್ಣು ನೋಯ್ತದೆ” ಎಂದು ಅವನು ಕಾಪು ಪೇಟೆಯ ತನ್ನ ರಿಪೇರಿ ಅಂಗಡಿ ಮುಚ್ಚಿದ್ದು, ಎಲ್ಲ ಒಮ್ಮೆಗೇ ನೆನಪಾಯಿತು.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಬಣ್ಣ ಗೊತ್ತಾಗದವನಿಗೆ ನಿನ್ನ ಅಪ್ಪ ಹೆಣ್ಣು ಕೊಡ್ತಿದ್ರಾ?”

“ನನ್ನ ಅಪ್ಪನಿಗೆ ಬಣ್ಣದ ಯೋಚನೆ ಎಲ್ಲಿತ್ತು ಮಾರಾಯ್ರೇ, ಮಗಳು ಹೋದರೆ ಸಾಕಿತ್ತು!” ಬರ್ತಾ ಸ್ಟೂಲ್ ಎಳೆದು ಪಕ್ಕದಲ್ಲಿ ಕೂತಳು. “ಬರೆಯಿರಿ ಆ ಪೋಲೆಂಡಿನವನಿಗೆ. ಕೆಂಪು, ಹಸಿರು ಅದಲುಬದಲಾಗಿದೆ ಅಂತ.”

ಅಂದಿನಿಂದ ಕೈ ರೇಮಂಡನದು, ಕಣ್ಣು ಬರ್ತಾಳದು. ಶಾಲೆಯ ಪರದೆಗಳು ಒಂದೊಂದಾಗಿ ಬೆಳಗಿದವು. ಆಮೇಲೆ ಬೇರೆ ಕಾರ್ಡುಗಳು ಬಂದವು, ಬೇರೆ ಡ್ರೈವರುಗಳೂ.

*

ಮಣ್ಣು ಕೊಟ್ಟಾಯಿತು. ಜನ ಕರಗುತ್ತಿದ್ದಾಗ ಸವಿತಾ ಹತ್ತಿರ ಬಂದಳು. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದ ಹುಸೇನಪ್ಪನ ಮಗಳು ಅವಳು. ಶಾಲೆಯ ಅದೇ ಕಂಪ್ಯೂಟರ್ ಕೋಣೆಯಲ್ಲಿ ಕಲಿತು ಈಗ ಅಲ್ಲೇ ಕಲಿಸುತ್ತಿದ್ದಳು.

“ಬರ್ತಾ ಬಾಯಿ, ಇವತ್ತು ಕೇಳಬಾರದು… ಹೊಸ ಕಂಪ್ಯೂಟರಿಗೆ ಡ್ರೈವರ್ ಬಂದಿದೆ. ಸರ್ ಆಸ್ಪತ್ರೆಗೆ ಹೋದ ಮೇಲೆ ಉತ್ತರ ಬರೆದಿಲ್ಲ. ಡ್ರೈವರ್ ಬರೆದವರು ಕಾಯ್ತಾ ಇದ್ದಾರೆ.”

“ನೀನೇ ನೋಡಬಹುದಲ್ಲ?”

“ನೋಡಿದೆ, ಸರಿ ಅನಿಸ್ತದೆ. ಆದರೆ ಬರ್ತಾ ಹೂಂ ಅನ್ನದೆ ಏನನ್ನೂ ಕಳಿಸಬೇಡ ಅಂತ ಸರ್ ಹೇಳಿದ್ರು.”

ಬರ್ತಾ ಕನ್ನಡಕ ತೆಗೆದು ಒರೆಸಿದಳು. ಹಾಕಿಕೊಂಡು ಮತ್ತೊಮ್ಮೆ ತೆಗೆದು ಒರೆಸಿದಳು.

“ಈಗಲೇ ನಡಿ. ಮನೆಗೆ ಹೋದರೆ ಅಪೊಲೋನಿಯಾ ಕೂರಿಸಿಕೊಂಡು ಅಳಿಸ್ತಾಳೆ.”

ಶಾಲೆಯ ಕೋಣೆಯಲ್ಲಿ ಸವಿತಾ ಕಾಪು ಕಡಲಿನ ಚಿತ್ರ ತೆರೆದಳು. ಬರ್ತಾ ಪರದೆಗೆ ಮೂಗು ತಾಗುವಷ್ಟು ಬಾಗಿದಳು. “ಆಕಾಶ ಸರಿ. ಮರಳೂ ಸರಿ. ದೋಣಿಯ ಕೆಂಪು ಮಾತ್ರ ಸ್ವಲ್ಪ ಮಂಕು ಅಲ್ವಾ? ಬರಿ, ಬರಿ.”

ಸವಿತಾ ಟೈಪ್ ಮಾಡತೊಡಗಿದಳು. ಮಣ್ಣಿಗೆ ಬಂದವರು ಒಬ್ಬೊಬ್ಬರಾಗಿ ಕಿಟಕಿಯ ಹೊರಗೆ ಸೇರಿದರು. ಒಳಗೆ ಬರ್ತಾಳ ಕಪ್ಪು ಸೀರೆಯ ಮೇಲೆಲ್ಲ ಕಡಲಿನ ನೀಲಿ ಹರಡಿತ್ತು.