ಮೂರು ವಾರ ದಾಟಿದ ಹುಣ್ಣು

ಹೇರೋಹಳ್ಳೀಲಿ ಹದಿನೆಂಟು ವರ್ಷದಿಂದ ಮೆಡಿಕಲ್ ಶಾಪ್ ನಡೆಸ್ತಾ ಇದೀನಿ. ಬಾಯಿಹುಣ್ಣಿಗೆ ಏನು ಕೊಡಬೇಕು ಅಂತ ನನಗೆ ಯಾರೂ ಹೇಳಿಕೊಡೋದು ಬೇಡ. ಸಣ್ಣಪುಟ್ಟದ್ದಕ್ಕೆ ಜೇನುತುಪ್ಪ ಹಚ್ಚಿ ಅಂತೀನಿ. ಉರಿ ತಡೆಯೋಕಾಗಲ್ಲ ಅನ್ನೋರಿಗೆ ಜೋಮು ಹಿಡಿಸೋ ಜೆಲ್ ಕೊಡ್ತೀನಿ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ ಅನ್ನೋ ಬುದ್ಧಿಮಾತು ಪುಕ್ಕಟೆ. ಹತ್ತು ದಿನದಲ್ಲಿ ಹುಣ್ಣೂ ಮಾಯ, ಗಿರಾಕಿನೂ ಮಾಯ.

ಆಟೋ ಸ್ಟ್ಯಾಂಡಿನ ಅಂಜಿನಯ್ಯ ಮಾತ್ರ ಒಂದೂವರೆ ತಿಂಗಳಲ್ಲಿ ನಾಲ್ಕನೇ ಸಲ ಬಂದು ಅದೇ ಜೆಲ್ ಕೇಳಿದ. "ನಾಲಿಗೆ ಚಾಚು" ಅಂದೆ. ಅಂಚಲ್ಲೊಂದು ಹುಣ್ಣು, ಸುತ್ತ ಬೆಳ್ಳಗೆ ಗಟ್ಟಿಯಾಗಿತ್ತು. ಮೂರು ಟ್ಯೂಬ್ ಮಾರಿದ್ದು ನಾನೇ, ಒಂದು ಸಲಾನೂ ಬಾಯಿ ತೆಗೆಸಿ ನೋಡಿರಲಿಲ್ಲ. ನಾಚಿಕೆ ಆಯ್ತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

"ಎಷ್ಟು ದಿನದ್ದು ಇದು?"

"ಎರಡು ತಿಂಗಳಾಯ್ತೇನೋ. ಜೆಲ್ ಹಚ್ಚಿದ್ರೆ ನೋವೇ ಇರಲ್ಲ ಅಕ್ಕ."

"ನೋವು ಗೊತ್ತಾಗದಿದ್ರೆ ಹುಣ್ಣು ವಾಸಿಯಾದಂಗಲ್ಲ ಕಣೋ! ಮೂರು ವಾರ ದಾಟಿದ ಹುಣ್ಣನ್ನ ಡಾಕ್ಟರೇ ನೋಡಬೇಕು. ಹೊಗೆಸೊಪ್ಪು ಬೇರೆ ಹಾಕ್ಕೋತೀಯ. ಜೆಲ್ ಕೊಡಲ್ಲ, ಹೋಗಿ ತೋರಿಸು."

"ತೋರಿಸಿದ್ರೆ ಕ್ಯಾನ್ಸರ್ ಅಂತಾರೆ" ಅಂದ ಮೆಲ್ಲಗೆ. ಆಮೇಲೆ ದನಿ ಏರಿಸಿ, "ಊರಲ್ಲಿ ಇದೊಂದೇ ಅಂಗಡಿನಾ?" ಅಂತ ಆಟೋ ಸ್ಟಾರ್ಟ್ ಮಾಡ್ದ.

ಹೋಗಲಿ ಬಿಡು ಅನ್ನೋ ಜಾಯಮಾನ ನಂದಲ್ಲ. ನಮ್ಮ ಕಡೆ ಔಷಧಿ ಅಂಗಡಿಯವರದ್ದೊಂದು ವಾಟ್ಸಾಪ್ ಗ್ರೂಪ್ ಇದೆ, ಯಾವ ಮಾತ್ರೆ ಯಾರ ಹತ್ರ ಇದೆ ಅಂತ ಕೇಳೋಕೆ. ಅದರಲ್ಲಿ ವಾಯ್ಸ್ ಮೆಸೇಜ್ ಹಾಕಿದೆ: "ಶುಭಕ್ಕ ಮಾತಾಡ್ತಿರೋದು. ಖಾಕಿ ಶರ್ಟು, ಕಿವೀಲಿ ಕಡಕು, ಹೆಸರು ಅಂಜಿನಯ್ಯ. ಬಾಯಿಹುಣ್ಣಿನ ಜೆಲ್ ಕೇಳ್ಕೊಂಡು ಬರ್ತಾನೆ. ಯಾರಾದ್ರೂ ಕೊಟ್ರೋ, ನನ್ನಷ್ಟು ಕೆಟ್ಟೋಳು ಇನ್ನೊಬ್ಬಳಿಲ್ಲ. ಆಸ್ಪತ್ರೆಗೆ ಹೋಗು ಅನ್ನಿ."

ಒಂದು ಗಂಟೇಲಿ ವಾಪಸ್ ಬಂದ. ಐದು ಅಂಗಡಿ ಸುತ್ತಿದ್ನಂತೆ. ಎಲ್ಲರದ್ದೂ ಒಂದೇ ಮಾತು: ಶುಭಕ್ಕ ಬೇಡ ಅಂದಿದಾರೆ. ನನ್ನ ಮೇಲೆ ಕೂಗಾಡೋಕೆ ಅಂತ ಬಾಯಿ ತೆಗೆದೋನು ಗಳಗಳ ಅಂತ ಅತ್ತುಬಿಟ್ಟ.

"ನಾಲಿಗೆ ಕತ್ತರಿಸಿಬಿಟ್ರೆ ಅಕ್ಕಾ?"

"ಹಿಂಗೇ ಬಿಟ್ರೆ ಅದೇ ಆಗೋದು. ನಡಿ!"

ಶಟರ್ ಎಳೆದು ಅವನದೇ ಆಟೋ ಹತ್ತಿದೆ. ಮೀಟರ್ ಹಾಕೋ ಅಂದ್ರೂ ಹಾಕಲಿಲ್ಲ.

ಆಸ್ಪತ್ರೇಲಿ ಡಾಕ್ಟರು ಹುಣ್ಣಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು. ಅವನು ಹೆದರಿದ್ದೇ ನಿಜ ಆಯ್ತು. ಆದರೆ ಇನ್ನೂ ಶುರುವಿನಲ್ಲಿತ್ತು. ಅಂಚಲ್ಲಿ ಸ್ವಲ್ಪ ಮಾತ್ರ ತೆಗೆದು, ಹೊಲಿಗೆ ಹಾಕಿ, ಮಿಕ್ಕ ನಾಲಿಗೆ ಉಳಿಸಿದ್ರು.

ತಿಂಗಳಾದ ಮೇಲೆ ಒಂದು ಬೆಳಗ್ಗೆ ಅಂಜಿನಯ್ಯ ತನ್ನ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ಮುರುಗೇಶನ್ನ ಕಾಲರ್ ಹಿಡಿದು ಎಳ್ಕೊಂಡು ಬಂದ. "ಬರೀ ಜೆಲ್ ಸಾಕು, ಬಿಡೋ ಮಚ್ಚಾ" ಅಂತ ಅವನು ಕೊಸರಾಡ್ತಾ ಇದ್ದ. ನಾನು ಅಭ್ಯಾಸಬಲದಲ್ಲಿ ಕಪಾಟಿನ ಕಡೆ ಕೈ ಚಾಚಿದೆ.

ಅಂಜಿನಯ್ಯನಿಗೆ ಇನ್ನೂ ನಾಲಿಗೆ ಸರಿಯಾಗಿ ಹೊರಳ್ತಿರಲಿಲ್ಲ. ಮುರುಗೇಶನ ಗಲ್ಲ ಹಿಡಿದು ಬಾಯಿ ತೆಗೆಸಿ, ನನ್ನನ್ನೇ ದುರುಗುಟ್ಟಿ ನೋಡ್ತಾ ತೊದಲಿದ:

"ಮೊದ್ಲು ನೋಡಕ್ಕಾ. ಆಮೇಲೆ ಮಾರು."